ಐದನೆಯ ಬಾಟಲಿ

ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು ನೀರಿಗೆ ಬೆರೆಸಿ ಕೊಡುವುದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಶೈಲಜಾಳ ಕೆಲಸ. ಆ ನೀರು ಎಷ್ಟು ರೋಗಾಣುಗಳನ್ನು ಕೊಲ್ಲುತ್ತದೆಂದು ಪರೀಕ್ಷಿಸುವುದು ಪಕ್ಕದ ವಿಭಾಗದ ರೇವಣಸಿದ್ಧನ ಕೆಲಸ. ಕಳೆದ ವಾರ ಅವಳು ಐದು ಬಾಟಲಿ ಕಳಿಸಿದ್ದಳು. ಇವತ್ತು ಬೆಳಿಗ್ಗೆ ನೋಡಿದರೆ, ಐದನೆಯದಕ್ಕೆಂದು ಅಳೆದಿಟ್ಟಿದ್ದ ಬೆಳ್ಳಿಯ ದ್ರಾವಣ ಫ್ರಿಜ್ಜಿನಲ್ಲೇ ಕೂತಿತ್ತು. ಅಂದು ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂದಿತ್ತು. ಬರಿಯ ನೀರಿಗೇ ಬಿರಡೆ ಹಾಕಿ ಓಡಿದ್ದಳು.

ಇನ್ನೊಂದು ತಪ್ಪಾದರೆ ಸಂಶೋಧನೆಯಿಂದಲೇ ತೆಗೆದುಹಾಕುವೆನೆಂದು ಇಬ್ಬರ ಕೆಲಸವನ್ನೂ ನೋಡಿಕೊಳ್ಳುವ ಪ್ರೊಫೆಸರರು ಅವಳಿಗೆ ಹಿಂದೆಯೇ ಹೇಳಿದ್ದರು. ಆದರೂ ಶೈಲಜಾ ಅವರ ಕೋಣೆಯ ಬಾಗಿಲು ತಳ್ಳಿದಳು.

ಒಳಗೆ ರೇವಣಸಿದ್ಧ ಆಗಲೇ ಚಹಾ ಕುಡಿಯುತ್ತ ಕೂತಿದ್ದ. "ಬರ್ರಿ ಅಕ್ಕಾರ, ನಿಮ್ಮ ಮಾತ ನಡದಿತ್ತು. ನೂರು ವರ್ಷ ಆಯುಷ್ಯ ನಿಮಗ!"

ಇವನೆದುರಿಗೇ ಹೇಳಬೇಕಾಯಿತಲ್ಲ ಎಂದು ಅವಳು ಇನ್ನಷ್ಟು ಕುಗ್ಗಿಹೋದಳು.

"ಸರ್, ಐದನೇ ಬಾಟಲಿಯೊಳಗ ಬೆಳ್ಳಿ ಹಾಕೂದ ಮರತೇನ್ರಿ. ಅದು ಬರೇ ನೀರು. ನಂದ ತಪ್ಪು. ಪಾಪ, ಇವರ ಒಂದ ವಾರದ ದುಡಿಮಿ ಹಾಳ ಮಾಡಿದೆ."

ಬೈಗುಳಕ್ಕೆ ಕಾಯುತ್ತ ಅವಳು ನೆಲ ನೋಡುತ್ತಿದ್ದಳು. ಪ್ರೊಫೆಸರರು ಮೇಜಿನ ಮೇಲಿದ್ದ ವರದಿಯನ್ನು ಅವಳತ್ತ ತಿರುಗಿಸಿದರು. 'ಐದನೆಯ ಬಾಟಲಿ ಎಲ್ಲಕ್ಕಿಂತ ಉತ್ತಮ. ನೂರಕ್ಕೆ ತೊಂಬತ್ತೆಂಟು ರೋಗಾಣು ನಾಶ' ಎಂದಿತ್ತು. ಕೆಳಗೆ ರೇವಣಸಿದ್ಧನ ಸಹಿ.

ಪ್ರೊಫೆಸರರು ಅವಳ ಕಡೆ ನೋಡಲೇ ಇಲ್ಲ.

"ರೇವಣಸಿದ್ಧ," ಎಂದರು ಮೆಲ್ಲಗೆ, "ಆ ಬಾಟಲಿ ಬಿರಡೆನಾದ್ರೂ ತಗದಿದ್ದೇನಪಾ?"