ಮೂರು ನಿಮಿಷದ ಆಚೆ

"ಈಗಲೇ ಪೂರ್ತಿ ದುಡ್ಡು ಯಾಕೆ ಕೊಡ್ತೀರಮ್ಮಾ? ಎರಡು ವರ್ಷದ ಕರಾರಿಗೆ ಸಹಿ ಹಾಕಿ, ತಿಂಗಳಿಗೆ ಸ್ವಲ್ಪ ಸ್ವಲ್ಪ ಹೋಗ್ತಿರುತ್ತೆ. ನಿಮಗೆ ಗೊತ್ತೇ ಆಗಲ್ಲ," ಎಂದಳು ಔಲು ಪೇಟೆಯ ಫೋನ್ ಅಂಗಡಿಯ ಮಿರ್ಕಾ.

"ಮೂವತ್ತು ವರ್ಷ ಗೊತ್ತೇ ಆಗದ ಹಾಗೆ ಹೋಯ್ತು ಕಣೇ. ಇದಾದರೂ ಗೊತ್ತಾಗಲಿ," ಎನ್ನುತ್ತ ಕೆರ್ತು ಕಾಫಿ ಡಬ್ಬಿಯ ಮುಚ್ಚಳ ತೆರೆದಳು. ಬೇಸಿಗೆಯಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಜೌಗುನೆಲದಲ್ಲಿ ಆಯ್ದು ಮಾರಿದ ಹೊಂಬಣ್ಣದ ಹಣ್ಣಿನ ದುಡ್ಡು ಅದು. ನೋಟು ಕಂಡೇ ತಿಂಗಳುಗಳಾಗಿದ್ದ ಮಿರ್ಕಾ ಗಲ್ಲಾಪೆಟ್ಟಿಗೆಯ ಕೀಲಿಗಾಗಿ ತಡಕಾಡತೊಡಗಿದಾಗ, ಚೀಟಿ ಹಿಡಿದು ಸರದಿಗೆ ಕಾದಿದ್ದವರೆಲ್ಲ ನಕ್ಕರು. ಕೆರ್ತುವೂ ನಕ್ಕಳು.

ಅವಳ ಹಳೆಯ ಫೋನ್ ಗಂಡ ರೇಯೊನ ಕರಾರಿನಲ್ಲಿತ್ತು. ಬಿಲ್ಲು ಬಂದ ದಿನ ಅವನು ಪೆನ್ಸಿಲ್ ಹಿಡಿದು ಕೂರುತ್ತಿದ್ದ. "ತಂಗಿ ಹತ್ರ ನಲವತ್ತು ನಿಮಿಷ ಮಾತಾಡೋಕೆ ಏನಿರುತ್ತೆ?" ಎಂದು ಗೆರೆ ಎಳೆಯುತ್ತಿದ್ದ. ಕ್ರಮೇಣ ಅಕ್ಕತಂಗಿಯರು ಮೂರೇ ನಿಮಿಷದಲ್ಲಿ ಮಾತು ಮುಗಿಸುವುದನ್ನು ಕಲಿತಿದ್ದರು. ವಿಚ್ಛೇದನವಾಗಿ ವರ್ಷ ಕಳೆದರೂ ಆ ಬಿಲ್ಲು ಅವನ ಮನೆಗೇ ಹೋಗುತ್ತಿತ್ತು.

ಹೊಸ ಫೋನಿಗೆ ಹೊಸ ಸಿಮ್ ಹಾಕಿಸಿದವಳೇ ಅಂಗಡಿಯ ಬಾಗಿಲಲ್ಲೇ ನಿಂತು ತಂಗಿ ಐಲಾಗೆ ಕರೆ ಮಾಡಿದಳು. "ಇದ್ಯಾರ ನಂಬರು ಅಕ್ಕಾ?" ಎಂದಳು ಐಲಾ. "ನಂದೇ!" ಎಂದಳು ಕೆರ್ತು. ಹವೆ, ಮೊಣಕಾಲು ನೋವು, ಪಕ್ಕದ ಮನೆಗೆ ಹೋಗಿ ಮರಿ ಹಾಕಿದ ಐಲಾಳ ಬೆಕ್ಕು. ಅಷ್ಟರಲ್ಲಿ ಮೂರು ನಿಮಿಷವಾಗಿತ್ತು. "ಸರಿ ಅಕ್ಕಾ, ಇಡ್ತೀನಿ," ಎಂದಳು ಐಲಾ, ಅಭ್ಯಾಸಬಲದಿಂದ.

"ಇಡಬೇಡ ಕಣೇ! ಕಾಫಿಗೆ ನೀರಿಟ್ಟುಕೊಂಡು ಬಾ. ಆ ಬೆಕ್ಕಿನ ಕಥೆ ಮೊದಲಿಂದ ಹೇಳು."