ತಪ್ಪದ ಲೆಕ್ಕ

ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಕಂಪ್ಯೂಟರ್ ಲೆಕ್ಕದ ಪ್ರಕಾರ ಬಂದರಿನಾಚೆ ಈಗ ಅಲೆಯ ಎತ್ತರ ಒಂದೂವರೆ ಮೀಟರ್. ಅಲ್ಲೇ ತೇಲಿಬಿಟ್ಟಿದ್ದ ಅಳತೆಯಂತ್ರ ಕಳಿಸಿದ್ದು ನಾಲ್ಕು. ಎರಡನ್ನೂ ಹೋಲಿಸಿ, ಲೆಕ್ಕವನ್ನು ಎಷ್ಟು ನಂಬಬಹುದೆಂದು ವರದಿ ಬರೆಯುವುದು ಅವಳ ಕೆಲಸ.

“ಆ ಯಂತ್ರಕ್ಕೆ ತಲೆ ಕೆಟ್ಟಿರತ್ತೆ. ತೆಗೆದುಹಾಕಮ್ಮ, ಸುಮ್ಮನೆ ವರದಿ ಹಾಳಾಗತ್ತೆ,” ಎಂದರು ಮೇಲಧಿಕಾರಿ, ಕನ್ನಡಕ ಒರೆಸುತ್ತಾ.

ಅವಳು ಫೋನನ್ನು ಸ್ಪೀಕರಿಗೆ ಹಾಕಿ, ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವ ತನ್ನ ಅಕ್ಕನಿಗೆ ಕರೆ ಮಾಡಿದಳು. “ಅಕ್ಕಾ, ಸ್ವಲ್ಪ ಬಗ್ಗಿ ನೋಡೇ. ದೋಣಿ ಹತ್ತೋ ಮೆಟ್ಟಿಲು ಎಷ್ಟು ಕಾಣ್ತಿವೆ?”

“ಎಲ್ಲಿಯ ಮೆಟ್ಟಿಲೇ! ಎಲ್ಲಾ ಮುಳುಗಿ, ನೀರು ನನ್ನ ಕಿಟಕಿಗೇ ಎರಚ್ತಿದೆ. ದೋಣಿ ಹೊರಟಾಗ ಹೀಗಿರಲಿಲ್ಲ.”

“ದೋಣಿ ಹೊರಟುಬಿಡ್ತಾ?”

“ಆಗಲೇ. ಅರವತ್ತು ಜನ ಇದ್ದಾರೆ, ನಿನ್ನ ಭಾವನೇ ನಡೆಸ್ತಿರೋದು. ಮೋಡ ಕಂಡು ಮೊದಲು ಹಿಂದೆಮುಂದೆ ನೋಡಿದ್ರು. ಆಮೇಲೆ, ‘ನಾದಿನಿ ಆಫೀಸಿನ ಲೆಕ್ಕ ಕಣೇ, ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ ಅಂತ ಅವಳ ವರದೀಲೇ ಇದೆ’ ಅಂತ ಹಗ್ಗ ಬಿಚ್ಚಿದ್ರು.”

ಮೇಲಧಿಕಾರಿ ಕನ್ನಡಕ ಬಿಟ್ಟು ವೈರ್‌ಲೆಸ್ಸಿಗೆ ಕೈ ಹಾಕಿದರು. “ವಾಪಸ್ ಬನ್ನಿ, ದೋಣಿ ತಿರುಗಿಸಿ,” ಎಂದು ಒಂದೇ ಸಮನೆ ಕೂಗತೊಡಗಿದರು. ಆ ಕಡೆಯಿಂದ ಬರೀ ಗರಗರ ಸದ್ದು. ಅವಳು ವರ್ಷದ ವರದಿಯನ್ನು ತೆರೆದಳು. ಈ ವರ್ಷ ಯಂತ್ರ ಇಂಥ ದೊಡ್ಡ ಅಲೆ ತೋರಿಸಿದ್ದು ಹನ್ನೊಂದು ಸಲ. ವರದಿ ಚೆನ್ನಾಗಿ ಕಾಣಲೆಂದು ಹನ್ನೊಂದನ್ನೂ ತೆಗೆದುಹಾಕಿದ್ದವಳು ಅವಳೇ.