ನಗಾರಿಗೆ ಬೆಣ್ಣೆ

"ನಗಾರಿಗೆ ಬೆಣ್ಣೆ ಹಚ್ಚಲು ಅನುಮತಿ ನೀಡಲಾಗಿದೆ," ಎಂದು ಅಧ್ಯಕ್ಷ ಲುಯೊಂಬ್ಯ ದಣಿದ ದನಿಯಲ್ಲಿ ಓದಿ ಮುಗಿಸಿದರು. ಸ್ವಾತಂತ್ರ್ಯ ಬಂದ ಮರುವರ್ಷ ಕಂಪಾಲಾದಲ್ಲಿ ಹುಟ್ಟಿದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಮತ್ತು ವಸ್ತುಸಂಗ್ರಹಾಲಯದ ಆಡಳಿತ ಮಂಡಳಿಯ ಐದನೆಯ ಸಭೆ ಅದು. ಹಿಂದಿನ ನಾಲ್ಕೂ ಸಭೆಗಳು, ಗಾಜಿನ ಪೆಟ್ಟಿಗೆಯೊಳಗಿನ ವಸ್ತುವನ್ನು ಯಾರು ಮುಟ್ಟಬಹುದು ಎಂಬ ಚರ್ಚೆಯಲ್ಲೇ ಮುಗಿದಿದ್ದವು.

ನಾಲ್ಕು ಸಲವೂ ಬೆಣ್ಣೆಯ ಕುಡಿಕೆ ಹಿಡಿದು ಬಾಗಿಲಲ್ಲಿ ಕಾದು ಹಿಂದಿರುಗಿದ್ದ ಮುದುಕ ಸೆಕಬೆಂಬೆ ಎದ್ದ. ತೊಗಲು ಒಣಗಿ ಬಿರಿಯದಂತೆ ಬೆಣ್ಣೆ ಹಚ್ಚುತ್ತ ತಲೆಮಾರುಗಳಿಂದ ಆ ನಗಾರಿಯನ್ನು ನೋಡಿಕೊಂಡವರು ಅವನ ಮನೆತನದವರೇ. ಪೆಟ್ಟಿಗೆ ತೆರೆಸಿ ತೊಗಲಿನ ಮೇಲೆ ಅಂಗೈ ಇಟ್ಟವನು ಹಾಗೇ ನಿಂತುಬಿಟ್ಟ.

"ಹಚ್ಚಿ ಅಜ್ಜಾ, ಇನ್ನೇನು ನೋಡ್ತಿದ್ದೀರಿ?" ಎಂದರು ಲುಯೊಂಬ್ಯ.

"ಬಿರಿದುಹೋಗಿದೆ ಸ್ವಾಮಿ. ನಿಮ್ಮ ಮಾತು ಮುಗಿಯೋ ತನಕ ತೊಗಲು ಕಾಯುತ್ತಾ?"

"ಹೊಸ ತೊಗಲು ಹಾಕೋಕೆ ಬೇರೆ ಅರ್ಜಿ ಬೇಕು," ಎಂದಳು ಕಾರ್ಯದರ್ಶಿ ನಕಿಬುಕ, ಕಡತ ಬಿಚ್ಚುತ್ತ. "ಮುಂದಿನ ಸಭೆಗೆ ಇಡ್ತೀನಿ."

ಮುದುಕ ಸಿಟ್ಟಾಗಲಿಲ್ಲ. ಕುಡಿಕೆಯ ಬಾಯಿ ಮುಚ್ಚಿ, "ಯಾವತ್ತು ಬರ್ಲಿ?" ಎಂದಷ್ಟೇ ಕೇಳಿದ.

ಲುಯೊಂಬ್ಯ ಕೋಟು ಕಳಚಿ ಕುರ್ಚಿಯ ಮೇಲೆ ಎಸೆದರು. ಮಂಡಳಿಯವರೆಲ್ಲ ನೋಡುತ್ತಿದ್ದಂತೆ ನೆಲದ ಮೇಲೆ ಕೂತು, ನಗಾರಿಯನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದರು.

"ಹಳೇ ತೊಗಲಿನ ಹಗ್ಗ ಬಿಚ್ಚಿ ಅಜ್ಜಾ. ನಾನು ಹಿಡ್ಕೊಂಡಿರ್ತೀನಿ."